ಎರಡನೇ ಸಹಿ

"ಗುರುಗಳೇ, ಕೆಲಸ ಚೆನ್ನಾಗಿ ಮಾಡಿದವನಿಗೆ ತಾನು ಮಾಡಿದ್ದು ಗೊತ್ತೇ ಇರುತ್ತದೆ. ಅದನ್ನು ಪುಸ್ತಕದಲ್ಲಿ ಬರೆದು, ಇನ್ನೊಬ್ಬನಿಗೆ ತೋರಿಸಿ ಸಹಿ ಹಾಕಿಸುವುದು ಯಾಕೆ?" ಎಂದು ವಿಮಾನ ರಿಪೇರಿ ಕಲಿಯುತ್ತಿದ್ದ ತಿಪ್ಪೇಶ ಕೇಳಿದ.

ಗುರುಗಳು ಕೈ ಒರೆಸಿಕೊಂಡು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ; ಈ ಮಾತನ್ನು ಊರಿಗಿಂತ ಮೊದಲು ಅವನೇ ಹೇಳುತ್ತಿದ್ದ. ಒಂದು ದಿನ ಸಣ್ಣ ವಿಮಾನವೊಂದರ ಚುಕ್ಕಾಣಿಯ ತಂತಿ ಬದಲಿಸಿ, ಪುಸ್ತಕದಲ್ಲಿ ಬರೆದು ಸಹಿ ಹಾಕಿದ. ಅಂಥ ಕೆಲಸವನ್ನು ಇನ್ನೊಬ್ಬ ಮೆಕ್ಯಾನಿಕ್ ನೋಡಿ ಎರಡನೇ ಸಹಿ ಹಾಕಬೇಕೆಂಬುದು ನಿಯಮ. ಹಾಕಬೇಕಾದವನು ಪಕ್ಕದ ಶೆಡ್ಡಿನವನು. ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಇವನು ಕರೆಯಲಿಲ್ಲ.

ಅಷ್ಟರಲ್ಲಿ ಹೆರಿಗೆ ಕಷ್ಟವಾದ ಹೆಣ್ಣುಮಗಳೊಬ್ಬಳನ್ನು ಕರೆತಂದರು. ಅವಳನ್ನು ಬೆಟ್ಟದಾಚೆಯ ದೊಡ್ಡ ಆಸ್ಪತ್ರೆಗೆ ಮುಟ್ಟಿಸಬೇಕು. ಇದ್ದದ್ದು ಅದೊಂದೇ ವಿಮಾನ. ಪೈಲಟ್ ಒಬ್ಬ ಹೆಂಗಸು. ಪುಸ್ತಕ ತೆರೆದವಳು ಅಲ್ಲೇ ನಿಂತುಬಿಟ್ಟಳು.

"ನನ್ನ ಕೆಲಸದ ಮೇಲೆ ನಂಬಿಕೆ ಇಲ್ವೇನಮ್ಮಾ?" ಎಂದು ಮೆಕ್ಯಾನಿಕ್ ಕೆರಳಿದ.

"ಇದೆ ಅಣ್ಣಾ. ಆದ್ರೆ ಎರಡನೇ ಸಹಿ ಇಲ್ದೆ ನಾನು ಹತ್ತಲ್ಲ. ಹೋಗಿ ಅವರನ್ನ ಕರೀರಿ."

ಬಸುರಿಯ ನರಳಾಟ ಕೇಳಿಸುತ್ತಿತ್ತು. ಮೆಕ್ಯಾನಿಕ್ ಬಿಗುಮಾನ ಬದಿಗಿಟ್ಟು ವೈರಿಯ ಬಾಗಿಲಿಗೆ ಓಡಿದ. ವೈರಿ ಟಾರ್ಚು ಹಿಡಿದು ಹುರುಪಿನಿಂದಲೇ ಬಂದ. ತಪ್ಪು ಹಿಡಿಯುವ ಆಸೆ ಅವನಿಗೆ! ಮುಚ್ಚಳ ಬಿಚ್ಚಿ ತಂತಿಯುದ್ದಕ್ಕೂ ಬೆರಳಾಡಿಸಿದ. ಒಂದೊಂದು ನಟ್ಟನ್ನೂ ಅಲುಗಿಸಿ ನೋಡಿದ. ಏನೂ ಸಿಗಲಿಲ್ಲ. ಮುಚ್ಚಳ ಬಿಗಿದು, ಮುಖ ಸಿಂಡರಿಸಿಕೊಂಡು ಸಹಿ ಹಾಕಿದ.

ವಿಮಾನ ಹಾರಿತು. ಕಣಿವೆಯಲ್ಲಿ ಗಾಳಿ ಒಮ್ಮೆಲೇ ಅದನ್ನು ಬಂಡೆಯತ್ತ ನೂಕಿತು. ಪೈಲಟ್ ಹಿಂದುಮುಂದು ನೋಡದೆ ಚುಕ್ಕಾಣಿಯನ್ನು ಪೂರ್ತಿ ತಿರುಗಿಸಿದಳು. ವಿಮಾನ ಹೇಳಿದ ಮಾತು ಕೇಳಿತು, ಬಂಡೆ ಪಕ್ಕಕ್ಕೆ ಉಳಿಯಿತು. ಸಂಜೆಗೆ ತಾಯಿ ಮಗು ಇಬ್ಬರೂ ಕ್ಷೇಮವೆಂಬ ಸುದ್ದಿ ಬಂತು. ಎರಡೂ ಶೆಡ್ಡಿನವರು ಕೇಕೆ ಹಾಕಿ ಕುಣಿದರು. ಆ ವೈರಿಗಳು ಒಂದೇ ತಟ್ಟೆಯಿಂದ ಜಿಲೇಬಿ ತಿಂದರು. ನೆನೆದರೆ ನನಗೆ ಈಗಲೂ ಎದೆ ಉಬ್ಬುತ್ತದೆ.

ತಿಪ್ಪೇಶ ಬಿಡಲಿಲ್ಲ. "ತಂತಿ ಮೊದಲೇ ಸರಿಯಾಗಿತ್ತಲ್ಲ ಗುರುಗಳೇ! ಎರಡನೇ ಸಹಿಯಿಂದ ಹೆಚ್ಚಿಗೆ ಬಂದದ್ದೇನು?"

ಗುರುಗಳು ಅವನ ಮುಂದೆ ಪೆನ್ನು ಇಟ್ಟರು.

"ತಂತಿ ಮೊದಲೇ ಗಟ್ಟಿಯಾಗಿತ್ತು ಮಗೂ; ತಿರುಗಿಸುವವಳ ಕೈ ಗಟ್ಟಿಯಾದದ್ದು ಆ ವೈರಿಯ ಸಹಿಯಿಂದ."