ತಲೆ ಬಾಗದ ಪದ್ಮಲೆ

"ಕೇಳ್ರಪ್ಪೋ ಕೇಳಿ! ರಾಜಕುಮಾರಿ ಪದ್ಮಲೆ ಮೂರು ಒಗಟು ಒಡ್ಡುತ್ತಾಳೆ. ಬಿಡಿಸಿದವನು ಅರಸನ ಅಳಿಯ, ಸೋತವನ ತಲೆ ಹುಣ್ಣಿಮೆಯ ದಿನ ನೆಲಕ್ಕೆ!" ಎಂದು ಡಂಗುರ ಊರೂರು ಸುತ್ತಿತು.

ತಲೆಯ ಶರತ್ತು ಅರಸನದು. ಮಗಳು ದೇವರಿಗೂ ತಲೆ ಬಾಗುವುದಿಲ್ಲ, ಹಿರಿಯರ ಕಾಲಿಗೂ ಬೀಳುವುದಿಲ್ಲ, ಎಷ್ಟು ಸೊಕ್ಕು ಎಂದು ನಾಡೆಲ್ಲ ಆಡಿಕೊಳ್ಳುತ್ತಿತ್ತು. ಆ ಬಾಯಿಗಳನ್ನು ಮುಚ್ಚಿಸಲು ಅವನು ಕತ್ತಿ ತೋರಿಸಿದ. ಒಗಟು ಮಾತ್ರ ಪದ್ಮಲೆಯವೇ. ಉಯ್ಯಾಲೆಯಿಂದ ಬಿದ್ದಾಗಿನಿಂದ ಅವಳು ಕಂಬಕ್ಕೆ ಒರಗಿ, ಕೂತೇ ನಿದ್ದೆ ಮಾಡುತ್ತಿದ್ದಳು. ಕಾರಣ ಹೇಳಿದರೆ ಹುಚ್ಚಿ ಅಂದಾರೆಂಬ ಹೆದರಿಕೆ, ಪಾಪ.

"ನೆಲ ನಿಂತೇ ಇದೆ, ಆದರೂ ಅರಮನೆ ಗಿರಗಿರನೆ ತಿರುಗುತ್ತದೆ, ನನ್ನೊಬ್ಬಳಿಗೇ. ತಿರುಗಿಸುವವರು ಯಾರು?" ಎಂದು ಮೊದಲ ಒಗಟು.

"ದೆವ್ವ" ಎಂದ ಒಬ್ಬ ಮಾಂಡಲಿಕ. "ಹೆಂಡ" ಎಂದ ಇನ್ನೊಬ್ಬ. ಇಬ್ಬರೂ ಸೆರೆಮನೆ ಸೇರಿದರು. ಮೂರನೆಯವನು ಜಾಣ, ಎರಡನೆಯದನ್ನೂ ಕೇಳಿಯೇ ಉತ್ತರಿಸುತ್ತೇನೆಂದ.

"ಬಲಕ್ಕೆ ಹೊರಳಿದರೆ ಬರುತ್ತಾನೆ, ಎಡಕ್ಕೆ ಹೊರಳಿದರೆ ಇಲ್ಲ. ಅಲ್ಲಾಡದಿದ್ದರೆ ಬೇಗ ಹೋಗಿಬಿಡುತ್ತಾನೆ. ಯಾವ ನೆಂಟ?"

"ಗುಟ್ಟಿನ ಪ್ರಿಯಕರ!" ಎಂದು ಕಣ್ಣು ಮಿಟುಕಿಸಿದ. ಸಭೆ ನಕ್ಕಿತು. ಪದ್ಮಲೆಗೆ ಅಳು ಬಂತು. ಅವನಿಗೂ ಸೆರೆಯಾಯಿತು.

ಹುಣ್ಣಿಮೆಯ ಮುನ್ನಾದಿನ ಕೊಟ್ರ ಬಂದ. ಹೊಳೆದಂಡೆಯಲ್ಲಿ ಚಿಪ್ಪು ಆಯ್ದು ಸುಣ್ಣ ಸುಡುವವನು, ಮೈಯೆಲ್ಲ ಬಿಳಿ. ಜೊತೆಗೆ ಮುದಿತಾಯಿ ಹನುಮವ್ವ. ಎರಡೂ ಒಗಟು ಕೇಳಿಸಿಕೊಂಡು ಅವನು ಪದ್ಮಲೆಯ ಹತ್ತಿರ ಬಂದ.

"ತಾಯೀ, ಬಗ್ಗಿದಾಗ, ಮಕ್ಕೊಂಡಾಗ ಬರ್ತೈತಲ್ಲ? ಹೊಟ್ಟಿ ತೊಳಸ್ತೈತಲ್ಲ?" ಎಂದು ಮೆಲ್ಲಗೆ ಕೇಳಿದ.

ಇಷ್ಟು ದಿನ ಎಲ್ಲರೂ ಉತ್ತರ ಕೊಟ್ಟಿದ್ದರು, ಯಾರೂ ಅವಳನ್ನು ಕೇಳಿರಲಿಲ್ಲ. "ಹೌದು" ಎಂದಳು.

"ನಮ್ಮವ್ವ ಬಾಗಿಲಿಗೆ ತಲಿ ಬಡಕೊಂಡಾಗ ಹಿಂಗೇ ಆಗಿತ್ತು. ಸೂಲಗಿತ್ತಿ ಅಜ್ಜಿ ತಿಳಿಸಿಕೊಟ್ಟಳು. ಕಿವಿಯೊಳಗ ಮರಳಿನಂಥ ಹರಳು ಅದಾವು. ಪೆಟ್ಟಾದ್ರ ಜಾಗ ಬಿಟ್ಟು ಒಳಗಿನ ಡೊಂಕು ಕೊಳವಿಗೆ ಬೀಳ್ತಾವು. ತಲಿ ವಾಲಿದಾಗ ಉರುಳಿ, ಜಗತ್ತೇ ತಿರುಗಿದಂಗ ಮೋಸ ಮಾಡ್ತಾವು. ತಿರುಗಿಸೋರು ಅವೇ. ನಿಮ್ಮವು ಬಲಗಿವಿಯೊಳಗ ಬಿದ್ದಾವು, ಅದಕ್ಕ ಬಲಕ್ಕ ಹೊರಳಿದ್ರ ಆ ನೆಂಟ ಬರ್ತಾನ. ದೆವ್ವ ಅಲ್ಲ, ಹುಚ್ಚೂ ಅಲ್ಲ."

"ಮದ್ದಿಲ್ಲದೆ, ಮಂತ್ರವಿಲ್ಲದೆ, ಕತ್ತಿಯಿಲ್ಲದೆ ಅವನನ್ನು ಹೊರಗೆ ಕಳಿಸುವುದು ಹೇಗೆ?" ಮೂರನೆಯದನ್ನು ಅವಳು ಬೇಡುವವಳಂತೆ ಕೇಳಿದಳು.

ಕೊಟ್ರ ಅವಳ ಮುಖ ನೋಡಿದ. "ಉತ್ತರ ನಿಮಗೂ ಗೊತ್ತಿಲ್ಲ, ಅಲ್ಲೇನ್ರೀ?"

"ಮೂರರದ್ದೂ ಗೊತ್ತಿಲ್ಲ" ಎಂದಳು ಪದ್ಮಲೆ. "ಗೊತ್ತಿದ್ದವರು ಸಿಗಲಿ ಎಂದೇ ಒಗಟು ಮಾಡಿದೆ."

"ಸುರುಳಿ ಚಿಪ್ಪಿನೊಳಗಿನ ಮರಳು ಕೊಡವಿದ್ರ ಬರಂಗಿಲ್ಲ. ದಾರಿ ಹೋದಂಗ ಮೆಲ್ಲಕ ತಿರುವಬೇಕು. ತಲಿನೂ ಹಂಗೇ. ಒಂದ್ಸಲ ಜೋರು ತಿರುಗ್ತೈತಿ, ಹೆದರಬ್ಯಾಡ್ರಿ. ನಮ್ಮವ್ವ ಕೈ ಹಿಡಕೊಂತಾಳ."

"ಮುಟ್ಟಿದರೆ ತಲೆ ಈಗಲೇ ಹೋದೀತು!" ಎಂದು ಅರಸ ಎದ್ದ. "ಅಪ್ಪಾಜಿ, ಕೂತ್ಕೊಳ್ಳಿ" ಎಂದು ಗದರಿ ಮಗಳು ಚಾಪೆ ಹಾಸಿಸಿದಳು.

ಕೊಟ್ರ ಅವಳ ಮುಖವನ್ನು ಬಲಕ್ಕೆ ತಿರುಗಿಸಿ, ಹೆಗಲ ಕೆಳಗೆ ದಿಂಬಿಟ್ಟು, ತಲೆ ಕೊಂಚ ಇಳಿಬೀಳುವಂತೆ ಅಂಗಾತ ಮಲಗಿಸಿದ. ಅರಮನೆ ಬುಗುರಿಯಾಯಿತು. ಅವಳು ಹನುಮವ್ವನ ಕೈಯನ್ನು ಗಟ್ಟಿಯಾಗಿ ಹಿಡಿದಳು. ಸುತ್ತು ನಿಂತ ಮೇಲೆ ಅವನು ತಲೆಯನ್ನು ಎಡಕ್ಕೆ ತಿರುಗಿಸಿ ಕಾದ. ಆಮೇಲೆ ಎಡಮಗ್ಗುಲಿಗೆ ಹೊರಳಿಸಿ, ಮುಖ ನೆಲ ನೋಡುವಂತೆ ಮಾಡಿ ಮತ್ತೆ ಕಾದ. ಕಡೆಗೆ ಮೆಲ್ಲಗೆ ಎಬ್ಬಿಸಿ ಕೂರಿಸಿದ.

ಸ್ವಲ್ಪ ಹೊತ್ತು ಬಿಟ್ಟು ಪದ್ಮಲೆ ತಾನಾಗಿಯೇ ಬಲಕ್ಕೆ ಹೊರಳಿದಳು. ಕಂಬಗಳು ಇದ್ದಲ್ಲೇ ಇದ್ದವು. ಅವಳು ಅಳುತ್ತ ನಕ್ಕಳು.

"ಏನು ಬೇಕು ಕೇಳು" ಎಂದ ಅರಸ.

"ಸೆರೆಯಾಗಿರೋರನ್ನ ಬಿಡ್ರಿ, ಬುದ್ಧಿ. ಕಣ್ಣಿಗೆ ಕಾಣದ ಬ್ಯಾನಿ, ಅವರಿಗೆ ತಿಳೀಲಿಲ್ಲ, ಅಷ್ಟ."

ಅರಸ ಅವರನ್ನೂ ಬಿಟ್ಟ, ಕೊಟ್ಟ ಮಾತನ್ನೂ ಉಳಿಸಿಕೊಂಡ. ಮದುವೆಗೆ ನಾಡೇ ನೆರೆಯಿತು, ಸೊಕ್ಕಿನ ಹುಡುಗಿ ಸುಣ್ಣದವಳ ಕಾಲಿಗೆ ಬೀಳುತ್ತಾಳೋ ನೋಡೋಣ ಎಂದು. ಪದ್ಮಲೆ ಹನುಮವ್ವನ ಪಾದಕ್ಕೆ ಹಣೆ ಹಚ್ಚಿದಳು. ಮುದುಕಿ "ಸಾಕೇಳವ್ವ" ಎಂದರೂ ಬೇಗ ಏಳಲಿಲ್ಲ.

ಅಲ್ಲಿ ಅವರ ಅರಮನೆ ಅಲ್ಲಾಡದೆ ನಿಂತಿತು. ಇಲ್ಲಿ ನಮ್ಮ ನಿಮ್ಮ ಗುಡಿಸಲೂ ನಿಂತಿರಲಿ.