ಕುಡುಗೋಲಿನ ಮೇಲಿನ ಕೆಂಪು

"ಪಂಡಿತರೇ, ಒಂದು ವಸ್ತು ನಿಜವಾಗಿ ಮಾರ್ಪಟ್ಟಿತೆಂದು ಗುರುತಿಸುವುದು ಹೇಗೆ?" ಎಂದು ಶಿಷ್ಯ ಚಂದ್ರಯ್ಯ ಕೇಳಿದ.

ಅವನ ಕೈಯಲ್ಲಿ ತಾಮ್ರಭಸ್ಮದ ಭರಣಿ ಇತ್ತು. ಅದು ಅವನು ಸ್ವತಂತ್ರವಾಗಿ ತಯಾರಿಸಿದ ಮೊದಲ ಮದ್ದು. ಅದಕ್ಕಾಗಿ ಜಗಲಿಯಲ್ಲಿ ಮೂರು ದಿನದಿಂದ ಒಬ್ಬ ಮುದುಕಿ ಹೊಟ್ಟೆ ಹಿಡಿದುಕೊಂಡು ಕಾಯುತ್ತಿದ್ದಳು.

"ಬೆರಣಿಯ ಬೆಂಕಿಯಲ್ಲಿ ಏಳು ಸಲ ಸುಟ್ಟೆ. ಕೆಂಪು ಹೋಗಿ ಕಪ್ಪಾಗಿದೆ. ನೀರಿನ ಮೇಲೆ ತೇಲುತ್ತದೆ. ಬೆರಳಿನ ಗೆರೆಯೊಳಗೆ ಕೂರುತ್ತದೆ. ಕೊಡಬಹುದಲ್ಲವೇ?"

"ಮೊಸರಿನಲ್ಲಿ ಕಲಸಿಟ್ಟು ನೋಡಿದೆಯಾ? ಹಸಿ ತಾಮ್ರ ಉಳಿದಿದ್ದರೆ ಮೊಸರು ಹಸಿರಾಗುತ್ತದೆ."

"ಇಷ್ಟು ಲಕ್ಷಣ ಕಂಡ ಮೇಲೆ ಅದೂ ಬೇಕೇ?" ಎಂದ ಚಂದ್ರಯ್ಯ.

ಪಂಡಿತರು ಕಿಟಕಿಯಾಚೆ ನೋಡಿದರು. ಬಾವಿಕಟ್ಟೆಯ ಮೇಲೆ ಒಂದು ಬಟ್ಟಲನ್ನು ತೊಳೆದು ಬೋರಲು ಹಾಕಲಾಗಿತ್ತು. ಅವರು ಕತೆ ಶುರುಮಾಡಿದರು.

ಒಬ್ಬ ರೈತನಿಗೆ ವೀಳ್ಯದೆಲೆಯ ತೋಟವಿತ್ತು. ಒಂದು ಮಳೆಗಾಲ ಬಳ್ಳಿಗಳಿಗೆ ಕೊಳೆರೋಗ ಬಂತು. ಅದಕ್ಕೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ನೀರನ್ನು ಎರಚಬೇಕು. ಬೆರೆಸುವುದರಲ್ಲಿ ಅವನು ಗಟ್ಟಿಗ. ಸುಣ್ಣ ಸುಡುವ ಗೂಡಿನ ಬೆಂಕಿಯಲ್ಲಿ ಸುಣ್ಣದ ಕಲ್ಲು ಒಡೆದು ಎರಡಾಗುತ್ತದೆ, ಒಂದು ಪಾಲು ಗಾಳಿಗೆ ಹೋಗುತ್ತದೆ, ಇನ್ನೊಂದು ಸುಣ್ಣವಾಗಿ ಉಳಿಯುತ್ತದೆ ಎಂದು ಅವನಿಗೆ ಗೊತ್ತಿತ್ತು. ಹೊರಬಂದ ಕಲ್ಲು ಹಗುರಾಗಿದ್ದರೆ ಮಾತ್ರ ಕೊಳ್ಳುತ್ತಿದ್ದ. ಅದಕ್ಕೆ ನೀರು ಹಾಕಿದರೆ ಸುಣ್ಣವೂ ನೀರೂ ಕೂಡಿ ಒಂದಾಗುತ್ತವೆ. ಕೊತಕೊತ ಕುದಿಯುವ ಸದ್ದಿನಿಂದಲೇ ಸುಣ್ಣ ಅರಳಿತೆಂದು ಹೇಳುತ್ತಿದ್ದ.

ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ದಾಗ ಅವು ತಮ್ಮ ತಮ್ಮ ಜೊತೆಗಾರರನ್ನು ಬಿಟ್ಟು ಒಂದರ ಜೊತೆಗಾರನನ್ನು ಇನ್ನೊಂದು ಹಿಡಿದುಕೊಳ್ಳುತ್ತವೆ. ನೀರು ಒಡೆದ ಹಾಲಿನಂತಾಗಿ ತಿಳಿನೀಲಿ ಗಷ್ಟು ಇಳಿಯುತ್ತದೆ. ಆ ದಿನವೂ ಇಳಿಯಿತು. ನೋಡಲು ಬಲು ಚೆಂದವಿತ್ತು.

ಆದರೆ ಸುಣ್ಣ ಕಡಿಮೆ ಬಿದ್ದರೆ ಮೈಲುತುತ್ತದೊಳಗಿನ ಸ್ವಲ್ಪ ತಾಮ್ರ ಜೊತೆ ಸಿಗದೆ ನೀರಿನಲ್ಲೇ ಉಳಿಯುತ್ತದೆ. ಅದು ಕಣ್ಣಿಗೆ ಕಾಣದು, ಎಲೆಯನ್ನು ಮಾತ್ರ ಸುಡುತ್ತದೆ. ಅದಕ್ಕೇ ತೋಟದವರು ಮಸೆದ ಕುಡುಗೋಲನ್ನು ಗಳಿಗೆ ಹೊತ್ತು ಅದ್ದಿ ನೋಡುತ್ತಾರೆ. ಕಬ್ಬಿಣ ತಾನು ನೀರಿಗಿಳಿದು ತಾಮ್ರವನ್ನು ಹೊರಗೆ ನೂಕುತ್ತದೆ. ಆ ತಾಮ್ರ ಅಲಗಿನ ಮೇಲೆ ಕೆಂಪಾಗಿ ಕೂರುತ್ತದೆ. ಕೆಂಪು ಕಂಡರೆ ಇನ್ನಷ್ಟು ಸುಣ್ಣ ಹಾಕಬೇಕು.

ರೈತ ಅದ್ದಿದ. ಅಲಗು ಕೆಂಪಾಯಿತು.

ಮನೆಯಲ್ಲಿ ಸುಣ್ಣ ಮುಗಿದಿತ್ತು. ಸುಣ್ಣದ ಗೂಡು ಹೊಳೆಯಾಚೆ, ಹೋಗಿ ಬರಲು ಒಂದು ದಿನ ಬೇಕು. ಮೋಡ ಬೇರೆ ಕವಿದಿತ್ತು. ಅಕ್ಕಪಕ್ಕದ ತೋಟದವರು ಆಗಲೇ ಎರಚಿ ಮುಗಿಸಿದ್ದರು. ಅವನು ಅತ್ತಿತ್ತ ನೋಡಿ ಅಲಗನ್ನು ಪಂಚೆಯ ಅಂಚಿಗೆ ಒರೆಸಿದ.

"ಕುಡುಗೋಲು ಅದ್ದಿ ನೋಡಿದ್ರಾ?" ಎಂದು ಹೆಂಡತಿ ಕೇಳಿದಳು.

"ನೋಡಿದೆ ಕಣೇ. ಬಣ್ಣ ಎಷ್ಟು ಚೆನ್ನಾಗಿ ಬಂದಿದೆ ನೋಡು" ಎಂದ. ಎರಡು ಮಾತೂ ನಿಜವೇ.

ಎರಚಿದ. ಎಂಟನೆಯ ದಿನಕ್ಕೆ ಎಲೆಗಳ ಅಂಚು ಕರಕಲಾಯಿತು, ಹದಿನೈದನೆಯ ದಿನಕ್ಕೆ ಬಳ್ಳಿಗಳು ಬೋಳಾದವು. ಹತ್ತು ವರ್ಷ ಹಬ್ಬಿಸಿದ ತೋಟ. ಅವನು ಮೈಲುತುತ್ತ ಮಾರಿದವನನ್ನು ಬೈದ, ಸುಣ್ಣ ಸುಟ್ಟವನನ್ನು ಬೈದ, ಮಳೆಯನ್ನೂ ಬೈದ. ಕುಡುಗೋಲನ್ನು ಮಾತ್ರ ಬೈಯಲಿಲ್ಲ. ಹೆಂಡತಿ ಪಂಚೆ ಒಗೆಯುವಾಗ ಅಂಚಿನ ಕಲೆ ಕಂಡಳು. ಕಲ್ಲಿನ ಮೇಲೆ ಅದನ್ನು ಉಜ್ಜುತ್ತ ಅತ್ತಳು.

ಪಂಡಿತರು ಕತೆ ನಿಲ್ಲಿಸಿದರು. ಜಗಲಿಯಲ್ಲಿ ಮುದುಕಿ ನರಳಿದಳು. ಚಂದ್ರಯ್ಯ ಭರಣಿಯ ಮುಚ್ಚಳವನ್ನು ಬಿಗಿಯಾಗಿ ಹಿಡಿದುಕೊಂಡ.

"ಅವನು ಒಂದು ದಿನ ತಡೆದಿದ್ದರೆ ಸಾಕಿತ್ತು" ಎಂದ, ಮೆಲ್ಲಗೆ.

ಪಂಡಿತರು ಕೇಳಿದರು: "ಬಾವಿಕಟ್ಟೆಯ ಮೇಲಿನ ಆ ಬಟ್ಟಲನ್ನು ನೀನು ತೊಳೆಯುವಾಗ ಮೊಸರು ಯಾವ ಬಣ್ಣದಲ್ಲಿತ್ತು, ಚಂದ್ರಯ್ಯ?"