ಬಾಗಿಲ ಸಿಸ್ಟರಿನ ಅರ್ಧ ಮಾತು

"ಮದರ್, ನಾನು ಒಂದು ದಿನವೂ ನಿಯಮ ಮುರಿದವಳಲ್ಲ. ನನ್ನ ಜೊತೆಯ ಗ್ರೆಟ್ಟಾ ವಾರಕ್ಕೆ ಮೂರು ಸಲ ಮುರಿಯುತ್ತಾಳೆ. ನೀವು ಅವಳಿಗೆ ಯಾಕೆ ಏನೂ ಅನ್ನುವುದಿಲ್ಲ?"

ಕೇಳಿದವಳು ಸೆವ್ರಿನ್. ಮಠ ಸೇರಿ ಎರಡನೇ ವರ್ಷ, ಇನ್ನೂ ಬಿಳಿ ಮುಸುಕಿನ ಶಿಷ್ಯೆ. ಹೊಸಬರಿಗೆ ಪಾಠ ಹೇಳುವ ಮದರ್ ಲಿದ್ವಿನಾ ಅಲಸಂದೆಯ ನಾರು ತೆಗೆಯುತ್ತಿದ್ದರು. ತಲೆ ಎತ್ತಲಿಲ್ಲ.

"ಗ್ರೆಟ್ಟಾ ಕೇಳಿದ್ದರೆ ಎರಡು ಮಾತಿನಲ್ಲಿ ಹೇಳಿ ಕಳಿಸುತ್ತಿದ್ದೆ. ಕೇಳಿದವಳು ನೀನು, ಕತೆಯೇ ಬೇಕು. ಕೂತುಕೋ," ಎಂದರು.

ಅವರು ಹೇಳಿದ ಕತೆ ಇದು.

ಕಡಲಿಗೆ ಹತ್ತಿರ ಒಂದು ಕನ್ಯಾಮಠ. ಅದಕ್ಕೆ ಒಬ್ಬ ಹಿರಿಯಮ್ಮ. ಆ ಮಠದಲ್ಲಿ ಒಂದು ಪದ್ಧತಿ. ಪ್ರಾರ್ಥನೆಯ ಗಂಟೆ ಬಾರಿಸಿದೊಡನೆ ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಹೊರಡಬೇಕು. ಕಾಗದ ಬರೆಯುತ್ತಿದ್ದರೆ ಅಕ್ಷರಕ್ಕೆ ತಲೆಕಟ್ಟು ಹಾಕುವಷ್ಟು ಹೊತ್ತೂ ಇಲ್ಲ. ಮಾತಾಡುತ್ತಿದ್ದರೆ ಉಳಿದರ್ಧ ಮಾತನ್ನು ನುಂಗಿಕೊಳ್ಳಬೇಕು. ಗಂಟೆಯೆಂದರೆ ದೇವರ ಕರೆ. ದೇವರಿಗೆ 'ತಡಿ, ಬಂದೆ' ಅನ್ನುವವರುಂಟೇ?

ಹಿರಿಯಮ್ಮ ಈ ನಿಯಮವನ್ನು ಕಣ್ಣಿನ ರೆಪ್ಪೆಯ ಹಾಗೆ ಕಾಪಾಡಿದವಳು. ಒಮ್ಮೆ ಬಿಷಪ್ಪರು ಮಾತಾಡುತ್ತಿದ್ದಾಗಲೇ ಎದ್ದು ಹೋಗಿದ್ದಳು. ಬಿಷಪ್ಪರು ಅದನ್ನು ಹೊಗಳಿದರು. ಹೊಗಳದೆ ಅವರಾದರೂ ಇನ್ನೇನು ಮಾಡಿಯಾರು!

ಎರಡನೆಯ ಪದ್ಧತಿ ಶುಕ್ರವಾರದ್ದು. ಅವತ್ತು ಸಿಸ್ಟರುಗಳೆಲ್ಲ ಸೇರುತ್ತಿದ್ದರು. ಒಬ್ಬೊಬ್ಬರೇ ಮಂಡಿಯೂರಿ, ಆ ವಾರ ತನ್ನಿಂದಾದ ತಪ್ಪನ್ನು ಎಲ್ಲರೆದುರು ಹೇಳಬೇಕು. ತಪ್ಪನ್ನಷ್ಟೇ, ಕಾರಣವನ್ನಲ್ಲ. ಕಾರಣ ಹೇಳುವುದೆಂದರೆ ತಪ್ಪಿಗೆ ಬೆಲ್ಲ ಸವರಿದಂತೆ. ಹಿರಿಯಳಾದವಳೂ ಅದನ್ನು ಕೇಳುವಂತಿಲ್ಲ. ಶಿಕ್ಷೆ ಕೊಡಬೇಕು, ಮುಂದಿನವಳನ್ನು ಕರೆಯಬೇಕು.

ಆ ಮಠದ ಬಾಗಿಲು ಕಾಯಲು ಒಬ್ಬ ಸಿಸ್ಟರ್ ಇದ್ದಳು. ಈಗ ಊರಿನಲ್ಲಿ ಒಂದು ಬೇಕರಿಗೂ ಎರಡು ರಿಕ್ಷಾಗಳಿಗೂ ಅವಳ ಹೆಸರಿಟ್ಟಿದ್ದಾರೆ. ಆಗ ಹೆಸರು ಯಾರಿಗೂ ನೆನಪಿರುತ್ತಿರಲಿಲ್ಲ. ಬಾಗಿಲ ಸಿಸ್ಟರ್ ಅನ್ನುತ್ತಿದ್ದರು, ಮುಗಿಯಿತು. ಅಡಿಗೆಮನೆಗೆ ಹಾಕಿದರೆ ಅನ್ನ ಸೀದಿತು, ಶಾಲೆಗೆ ಹಾಕಿದರೆ ಮಕ್ಕಳು ಹೆದರಲಿಲ್ಲ. ಹಾಗಾಗಿ ಬಾಗಿಲಿಗೆ ಬಂದವಳು.

ಪ್ರತಿ ಶುಕ್ರವಾರ ಅವಳದ್ದು ಒಂದೇ ತಪ್ಪು.

"ಸಂಜೆಯ ಪ್ರಾರ್ಥನೆಗೆ ತಡವಾಗಿ ಬಂದೆ."

"ಎಷ್ಟು ದಿನ?"

"ಆರು ದಿನ, ಮದರ್. ಭಾನುವಾರ ತಡವಾಗಲಿಲ್ಲ."

"ಭಾನುವಾರ ಮೀನಿನವಳು ಬರುವುದಿಲ್ಲವಲ್ಲ," ಎಂದು ಹಿಂದಿನಿಂದ ಯಾರೋ ಪಿಸುಗುಟ್ಟುತ್ತಿದ್ದರು. ನಗು ಕೇಳುತ್ತಿತ್ತು. ಹಿರಿಯಮ್ಮನಿಗೂ ಅದು ಗೊತ್ತಿತ್ತು. ಹೊತ್ತು ಮುಳುಗುವಾಗ ಬುಟ್ಟಿ ಹೊತ್ತ ಹೆಂಗಸೊಬ್ಬಳು ಬಾಗಿಲಿಗೆ ಬರುತ್ತಾಳೆ, ಇವಳು ಹರಟೆಗೆ ಕೂರುತ್ತಾಳೆ. ಗಂಟೆ ಬಾರಿಸಿದರೂ ಏಳುವುದಿಲ್ಲ. ಶಿಕ್ಷೆಯೆಂದು ಮಂಡಿಯೂರಿ ಊಟ ಮಾಡಬೇಕಾಗುತ್ತಿತ್ತು. ಮಾಡುತ್ತಿದ್ದಳು. ಶನಿವಾರ ಮತ್ತೆ ತಡ.

ಮಠದಲ್ಲಿ ಮೊದಲ ವ್ರತ ಕೆಲವು ವರ್ಷಗಳದ್ದು. ಆಮೇಲಿನದ್ದು ಕೊನೆಯ ವ್ರತ. ಅವತ್ತು ಬೆರಳಿಗೆ ಉಂಗುರ ತೊಡಿಸುತ್ತಾರೆ, ಸಾಯುವವರೆಗೆ ನೀನು ಈ ಮನೆಯವಳು ಎನ್ನುತ್ತಾರೆ. ಬಾಗಿಲ ಸಿಸ್ಟರಿಗೆ ಈ ಲೋಕದಲ್ಲಿ ಬೇಕಾಗಿದ್ದುದು ಅದೊಂದೇ. ಜೊತೆಗೆ ಬಂದವರಿಗೆಲ್ಲ ಉಂಗುರವಾಯಿತು. ಅವಳು ಕೇಳಿದಾಗ ಹಿರಿಯಮ್ಮ, "ಮೊದಲು ಹೊತ್ತಿಗೆ ಸರಿಯಾಗಿ ಬರಲು ಕಲಿ. ಬರುವ ವರ್ಷ ನೋಡೋಣ," ಎಂದಳು. ಮರುವರ್ಷವೂ ಅದೇ. ಮೂರನೆಯ ವರ್ಷ ಅವಳು ಕೇಳಲು ಬಂದು ನಿಂತಳು, ಹಿರಿಯಮ್ಮ ತಲೆ ಅಲ್ಲಾಡಿಸಿದಳು, ಅವಳು ತಿರುಗಿ ಹೋದಳು. ಅಷ್ಟಕ್ಕೆ ಮಾತೂ ಖರ್ಚಾಗಲಿಲ್ಲ.

ಹಿರಿಯಮ್ಮ ಕಲ್ಲಲ್ಲ. ಅಂದು ಇಡೀ ದಿನ ಆಕೆಗೆ ಊಟ ಸೇರಲಿಲ್ಲ. ಆದರೂ ಒಬ್ಬಳಿಗೆ ಸಡಿಲ ಬಿಟ್ಟರೆ ಮಠವೇ ಸಡಿಲವಾಗುತ್ತದೆ ಎಂದು ಅಂದುಕೊಂಡಳು. ಅದು ಸುಳ್ಳೂ ಅಲ್ಲ.

ನಾಲ್ಕನೆಯ ವರ್ಷ ಬಾಗಿಲ ಸಿಸ್ಟರಿಗೆ ಜ್ವರ ಬಂತು. ಡಾಕ್ಟರು ನೋಡಿ ಕೈಚೆಲ್ಲಿದರು. ಸಾಯುವವಳಿಗೆ ಹಾಸಿಗೆಯ ಮೇಲೆಯೇ ಕೊನೆಯ ವ್ರತ ಕೊಡುವ ಅವಕಾಶವುಂಟು. ಹಿರಿಯಮ್ಮ ಪುಸ್ತಕ ಹಿಡಿದು, ಉಂಗುರವನ್ನು ಕಿಸೆಯಲ್ಲಿಟ್ಟುಕೊಂಡು ಬಂದು ಕೂತಳು. ಹೊರತೆಗೆದ ಉಂಗುರ ಕಂಡು ಅವಳ ಮುಖ ಅರಳಿತು. ಆದರೆ ಕೈ ಚಾಚಲಿಲ್ಲ.

"ಮೊದಲು ಒಂದು ಮಾತು ಹೇಳಬೇಕು, ಮದರ್. ಹೇಳದೆ ಅದನ್ನು ಹಾಕಿಕೊಳ್ಳುವುದು ಸರಿಯಲ್ಲ. ಸಂಜೆ ನನಗೆ ತಡವಾಗುತ್ತಿದ್ದುದು ಯಾಕೆಂದರೆ..."

ಗಂಟೆ ಬಾರಿಸಿತು.

ಹಿರಿಯಮ್ಮ ಎದ್ದಳು. ಏಳುವಾಗ ಆಕೆಯ ಮನಸ್ಸಿನಲ್ಲಿ ಸಿಟ್ಟಿರಲಿಲ್ಲ. ಇಷ್ಟು ವರ್ಷ ಬಾಯಿಮಾತಿನಲ್ಲಿ ಕಲಿಸಲಾಗದ್ದನ್ನು ಈಗಲಾದರೂ ನಡೆದು ತೋರಿಸೋಣ ಎಂದಿತ್ತು. "ಬಂದು ಕೇಳುತ್ತೇನೆ," ಎಂದಳು. ಪ್ರಾರ್ಥನೆ ಅರ್ಧ ಗಂಟೆಯದ್ದು. ಮುಗಿಸಿ ಬಂದಾಗ ಬಾಗಿಲ ಸಿಸ್ಟರ್ ತೀರಿಕೊಂಡಿದ್ದಳು. ಸತ್ತವರಿಗೆ ವ್ರತ ಕೊಡುವಂತಿಲ್ಲ, ಅದೂ ನಿಯಮವೇ. ಉಂಗುರ ಹಿಂದಕ್ಕೆ ಕಪಾಟಿಗೆ ಹೋಯಿತು.

ಮಣ್ಣು ಮಾಡುವ ದಿನ ಊರಿನ ಜನ ಬಂದರು. ಹತ್ತೋ ಇಪ್ಪತ್ತೋ ಅಲ್ಲ, ಗೇಟು ಹಾಕಲಾಗದಷ್ಟು ಜನ. ಯಾರು ಇವರೆಲ್ಲ ಎಂದು ಸಿಸ್ಟರುಗಳು ಮುಖ ಮುಖ ನೋಡಿಕೊಂಡರು. ಜನ ಆಮೇಲೂ ಬರುತ್ತಲೇ ಇದ್ದರು. ಸಮಾಧಿಯ ಬಳಿ ಕೂತು ಒಬ್ಬೊಬ್ಬರೇ ಏನೇನೋ ಮಾತಾಡಿ ಹೋಗುತ್ತಿದ್ದರು. ಹನ್ನೊಂದು ವರ್ಷ ಕಳೆದ ಮೇಲೆ, ಇವಳನ್ನು ಸಂತಳೆಂದು ಸಾರಬಹುದೇ ಎಂದು ವಿಚಾರಿಸಲು ಬಿಷಪ್ಪರು ಒಬ್ಬ ಪಾದ್ರಿಯನ್ನು ಕಳಿಸಿದರು. ಪಾದ್ರಿ ಮೊದಲು ಕೇಳಿದ್ದು ಹಿರಿಯಮ್ಮನನ್ನೇ.

"ಕೊನೆಯ ವ್ರತದ ದಿನಾಂಕ?"

"ಕೊಟ್ಟಿಲ್ಲ ಫಾದರ್. ಪ್ರಾರ್ಥನೆಗೆ ತಡವಾಗಿ ಬರುತ್ತಿದ್ದಳು."

"ಯಾಕೆ ತಡ?"

"ಕಾರಣ ಕೇಳುವ ಪದ್ಧತಿ ನಮ್ಮಲ್ಲಿಲ್ಲ."

"ಆಗಲಿ. ಅವರ ಕೊನೆಯ ಮಾತೇನು?"

ಹಿರಿಯಮ್ಮ ಹೇಳಿದಳು. ಪಾದ್ರಿ ಬರೆದುಕೊಂಡರು. ಪೆನ್ನು ಎತ್ತಿ ಕಾದರು.

"ಮುಂದೆ?"

"ಮುಂದೆ ಗಂಟೆ ಬಾರಿಸಿತು."

ಪಾದ್ರಿ ಪೆನ್ನಿನ ಮುಚ್ಚಳ ಹಾಕಿದರು. ಆಮೇಲೆ ಸಾಕ್ಷಿ ಹೇಳಲು ಮೀನಿನ ಹೆಂಗಸು ಬಂದಳು. ಬುಟ್ಟಿಯನ್ನು ಹೊರಗಿಟ್ಟು, ನಾಯಿ ಬಾಯಿ ಹಾಕೀತೆಂದು ಅದರ ಮೇಲೊಂದು ಕಣ್ಣಿಟ್ಟೇ ಕೂತಳು. ಹಿರಿಯಮ್ಮ ಅಲ್ಲೇ ಇದ್ದಳು.

"ನನ್ನ ಗಂಡ ಕಡಲಿಗೆ ಹೋದವ ಬರಲಿಲ್ಲ ಫಾದರ್. ಅವತ್ತು ಬೆಳಿಗ್ಗೆ ನಾವು ಜಗಳ ಮಾಡಿದ್ದು. ಅದನ್ನು ದಿನಾ ಇವರಿಗೆ ಹೇಳ್ತಿದ್ದೆ. ಒಂದೇ ಕತೆ ಮಾರಾಯ್ರೆ, ಏಳು ವರ್ಷ. ನನ್ನ ತಂಗಿಯೇ, 'ಸಾಕು ಅಕ್ಕ, ಕ್ಯಾಸೆಟ್ಟು ಬದಲಿಸು' ಅಂದಿದ್ದಾಳೆ. ಇವರು ಹಾಗೆ ಹೇಳಿದವರಲ್ಲ. ಕತೆಯಲ್ಲಿ ಒಂದು ಕಡೆ ನನಗೆ ಅಳು ಬರುವುದುಂಟು. ಅಲ್ಲಿಗೆ ಮುಟ್ಟುವ ಮೊದಲು ಇವರು ಎದ್ದು ಹೋಗಿದ್ದರೆ, ಆ ಅಳು ನನ್ನ ಜೊತೆ ಮನೆಗೆ ಬರ್ತಿತ್ತು. ಮನೆಯಲ್ಲಿ ಮಕ್ಕಳಿದ್ದವು."

"ಗಂಟೆ ಕೇಳುತ್ತಿರಲಿಲ್ಲವೇ?" ಎಂದರು ಪಾದ್ರಿ.

"ಕೇಳದೆ ಏನು! ಒಂದು ದಿನ ನಾನೇ ಹೇಳಿದೆ, 'ಗಂಟೆ ಆಯ್ತು, ಹೋಗಿ, ನಿಮಗೆ ಬೈತಾರೆ' ಅಂತ. ಅದಕ್ಕೆ ಅವರು, 'ನನ್ನ ಮಾತನ್ನು ಅರ್ಧಕ್ಕೆ ಬಿಡಲಿಕ್ಕೆ ನಾನು ಒಪ್ಪಿ ಬಂದವಳು. ನಿನ್ನ ಮಾತನ್ನು ಬಿಡಲಿಕ್ಕೆ ನೀನು ಒಪ್ಪಿಲ್ಲವಲ್ಲ' ಅಂದ್ರು." ಹೆಂಗಸು ಹಿರಿಯಮ್ಮನ ಕಡೆ ತಿರುಗಿದಳು. "ನಿಮಗೂ ಹೇಳಿರಬೇಕಲ್ಲ, ಮದರ್?"



ಮರುದಿನ ಹೊತ್ತು ಮುಳುಗುವಾಗ ಹಿರಿಯಮ್ಮ ತಾನೇ ಬಾಗಿಲಿಗೆ ಹೋಗಿ ಕೂತಳು. ಹೆಂಗಸು ಬಂದಳು. "ನಿನ್ನ ಗಂಡನ ಕತೆ ಹೇಳು. ಗಂಟೆ ಬಾರಿಸಿದರೂ ನಾನು ಏಳುವುದಿಲ್ಲ," ಎಂದಳು ಹಿರಿಯಮ್ಮ. ಇಡೀ ಜನ್ಮದಲ್ಲಿ ಆಕೆ ಯಾರಿಗೂ ಹಾಗೆ ಅಂದವಳಲ್ಲ.

ಹೆಂಗಸು ತಲೆಯ ಮೇಲಿನ ಬುಟ್ಟಿ ಕೆಳಗಿಳಿಸಿದಳು.

"ಅದು ಹೇಳಿ ಮುಗಿದಿದೆ, ಮದರ್," ಎಂದಳು. "ಇವತ್ತು ಬಂಗುಡೆ ಚೆನ್ನಾಗಿ ಉಂಟು. ಕೊಡಲಾ?"

ಅಷ್ಟರಲ್ಲಿ ಗಂಟೆ ಬಾರಿಸಿತು. ಹಿರಿಯಮ್ಮ ಎದ್ದು ಹೋಗಿ ತನ್ನ ಜಾಗದಲ್ಲಿ ಮಂಡಿಯೂರಿದಳು.

ಮದರ್ ಲಿದ್ವಿನಾ ಕತೆ ನಿಲ್ಲಿಸಿದರು. ಮಡಿಲಲ್ಲಿ ಅಲಸಂದೆ ಹಾಗೆಯೇ ಇತ್ತು. ಇನ್ನೂ ಏನಾದರೂ ಹೇಳುತ್ತಾರೆಂದು ಸೆವ್ರಿನ್ ಕಾದಳು.

"ಆಮೇಲೆ ಆ ಹಿರಿಯಮ್ಮ ಏನಾದಳು, ಮದರ್?"

"ಇಲ್ಲೇ ಇದ್ದಾಳೆ. ಇವತ್ತಿನವರೆಗೂ ಒಂದು ದಿನವೂ ಪ್ರಾರ್ಥನೆಗೆ ತಡವಾಗಿ ಹೋದವಳಲ್ಲ, ಮಗಳೇ. ಆದರೆ ಕರೆದವನ ಬಳಿ ಹೋಗಿ ಮುಟ್ಟಿದವಳೂ ಅಲ್ಲ."